ಯಂತ್ರದ ಆಯುಸ್ಸು ಯಾರ ಕೈಯಲ್ಲಿ?

೨೦೨೫ನೆಯ ಇಸವಿ ಅಕ್ಟೋಬರ್ ೧೪ನೆಯ ತಾರೀಖಿನಂದು ಅಮೆರಿಕಾ ದೇಶದ ಮೈಕ್ರೋಸಾಫ್ಟ್ ಕಂಪೆನಿಯವರು ತಮ್ಮ ವಿಂಡೋಸ್ ೧೦ ಎಂಬ ಕಾರ್ಯವ್ಯವಸ್ಥೆಗೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿದ ಸಂಗತಿಯು ನಮ್ಮ ವಾಚಕರಲ್ಲಿ ಅನೇಕರಿಗೆ ವಿದಿತವಾಗಿಯೇ ಇರುವುದು. ೨೦೧೫ನೆಯ ಜುಲೈ ೨೯ರಂದು ಹೊರಬಂದ ಈ ವ್ಯವಸ್ಥೆಯು ಹತ್ತು ವರ್ಷಗಳ ಕಾಲ ನಮ್ಮ ನಾಡಿನ ಕಚೇರಿಗಳಲ್ಲಿಯೂ ಪಾಠಶಾಲೆಗಳಲ್ಲಿಯೂ ಅಂಗಡಿಗಳಲ್ಲಿಯೂ ಮುದ್ರಣಾಲಯಗಳಲ್ಲಿಯೂ ದುಡಿದಿದೆ. ಆ ದಿನ ಕಳೆದೊಡನೆ ಕಂಪ್ಯೂಟರುಗಳೇನೂ ಕೆಟ್ಟು ನಿಲ್ಲಲಿಲ್ಲ. ಮಾರನೆಯ ಬೆಳಗ್ಗೆಯೂ ಎಂದಿನಂತೆಯೇ ಕೆಲಸ ನಡೆಯಿತು. ನಿಂತುಹೋದುದು ಕಣ್ಣಿಗೆ ಕಾಣದ ಕಾವಲು. ವ್ಯವಸ್ಥೆಯಲ್ಲಿ ದೋಷವೊಂದು ಬಯಲಾದಾಗ ಅದನ್ನು ಮುಚ್ಚುವುದಕ್ಕಾಗಿ ತಿಂಗಳು ತಿಂಗಳಿಗೂ ಬರುತ್ತಿದ್ದ ತಿದ್ದುಪಾಟುಗಳು, ವಿಶೇಷವಾಗಿ ಹೆಸರು ನೋಂದಾಯಿಸಿಕೊಳ್ಳದವರಿಗೆ, ಅಂದಿನಿಂದ ನಿಂತವು. ಗೃಹಸ್ಥರಿಗೆ ೨೦೨೬ನೆಯ ಅಕ್ಟೋಬರ್ ೧೩ರವರೆಗೆ ಒಂದು ವರ್ಷದ ವಾಯಿದೆಯನ್ನು ಕಂಪೆನಿಯವರು ಆಗ ಕೊಟ್ಟರು. ವ್ಯಾಪಾರ ಸಂಸ್ಥೆಗಳಿಗಾದರೆ ಯಂತ್ರವೊಂದಕ್ಕೆ ಮೊದಲ ವರ್ಷ ೬೧ ಡಾಲರು, ಅನಂತರ ವರ್ಷ ವರ್ಷಕ್ಕೂ ಅದರ ಇಮ್ಮಡಿ, ಹೆಚ್ಚೆಂದರೆ ಮೂರು ವರ್ಷ ಎಂದು ದರವನ್ನು ಗೊತ್ತುಮಾಡಿದರು.

ಹಾಗಾದರೆ ಮುಂದಿನ ಆವೃತ್ತಿಯಾದ ವಿಂಡೋಸ್ ೧೧ನ್ನು ಹಾಕಿಕೊಂಡರಾಯಿತಲ್ಲವೇ ಎಂದು ಕೆಲವರು ಕೇಳಬಹುದು. ತೊಡಕು ಇರುವುದೇ ಇಲ್ಲಿ. ೨೦೨೧ನೆಯ ಅಕ್ಟೋಬರ್ ೫ರಂದು ಹೊರಬಂದ ಆ ಆವೃತ್ತಿಯು ಟಿಪಿಎಂ ೨.೦ ಎಂಬ ರಕ್ಷಣಾ ಸಾಧನವನ್ನೂ, ಕಂಪೆನಿಯ ಪಟ್ಟಿಯಲ್ಲಿ ಹೆಸರಿರುವ ಸಂಸ್ಕಾರಕವನ್ನೂ ಅಪೇಕ್ಷಿಸುತ್ತದೆ. ಇಂಟೆಲ್ ಕಂಪೆನಿಯ ಸಂಸ್ಕಾರಕಗಳಲ್ಲಿ ಕೆಲವೇ ಅಪವಾದಗಳನ್ನು ಬಿಟ್ಟರೆ ೨೦೧೭ರಲ್ಲಿ ಬಂದ ಎಂಟನೆಯ ತಲೆಮಾರು ಮತ್ತು ಅದರ ಮುಂದಿನವುಗಳಿಗೆ ಮಾತ್ರ ಆ ಪಟ್ಟಿಯಲ್ಲಿ ಸ್ಥಾನವುಂಟು. ೨೦೧೬ರಲ್ಲಿ ಕೊಂಡ ಯಂತ್ರವು ಎಷ್ಟೇ ಸುಸ್ಥಿತಿಯಲ್ಲಿದ್ದರೂ ಅದಕ್ಕೆ ಪ್ರವೇಶವಿಲ್ಲ. ಇಂಥ ಕಾರಣದಿಂದ ಜಗತ್ತಿನಲ್ಲಿ ಸುಮಾರು ೨೪ ಕೋಟಿ ಕಂಪ್ಯೂಟರುಗಳು ಕಸದ ಪಾಲಾಗಬಹುದೆಂದು ಕೆನಾಲಿಸ್ ಎಂಬ ಸಂಶೋಧನಾ ಸಂಸ್ಥೆಯವರು ೨೦೨೩ರ ಡಿಸೆಂಬರಿನಲ್ಲಿ ಅಂದಾಜು ಮಾಡಿದ್ದರು. ಕೀಲು ಸವೆಯದ ಗಾಡಿಯನ್ನು, ಅದನ್ನು ಮಾಡಿದ ಬಡಗಿಯ ಮಾತಿನ ಮೇಲೆ ಒಲೆಗೆ ಹಾಕಿದಂತೆ ಇದಾಗುವುದಿಲ್ಲವೇ?

ಕಂಪೆನಿಯವರ ಪಕ್ಷದಲ್ಲಿ ಹೇಳತಕ್ಕ ಮಾತು ಇಲ್ಲವೆಂದು ನಾವು ಹೇಳುವುದಿಲ್ಲ. ಹಳೆಯ ಆವೃತ್ತಿಗಳೆಲ್ಲವನ್ನೂ ಸದಾಕಾಲವೂ ಕಾಯುತ್ತ ಕೂರುವುದು ಯಾರಿಗೂ ಸಾಧ್ಯವಲ್ಲ. ಹೊಸ ಸಾಧನಗಳಿಂದ ರಕ್ಷಣೆ ಹೆಚ್ಚುವುದೆಂಬುದೂ ನಿಜವೇ. ಕಾವಲಿಲ್ಲದ ಯಂತ್ರವನ್ನು ಜಾಲಕ್ಕೆ ತಗುಲಿಸಿಡುವುದರ ಫಲವನ್ನು ಜಗತ್ತು ೨೦೧೭ನೆಯ ಮೇ ತಿಂಗಳಲ್ಲಿ ಕಂಡಿತು. ವಾನಾಕ್ರೈ ಎಂಬ ದುಷ್ಟ ತಂತ್ರಾಂಶವು ಕೆಲವೇ ದಿನಗಳಲ್ಲಿ ೧೫೦ ದೇಶಗಳ ಎರಡು ಲಕ್ಷಕ್ಕೂ ಮಿಗಿಲಾದ ಕಂಪ್ಯೂಟರುಗಳಲ್ಲಿದ್ದ ಕಾಗದಪತ್ರಗಳಿಗೆ ಬೀಗ ಹಾಕಿ ಸುಲಿಗೆಗೆ ತೊಡಗಿತು. ಇಂಗ್ಲೆಂಡಿನ ಸಾರ್ವಜನಿಕ ಆಸ್ಪತ್ರೆಗಳಲ್ಲಿ ಸಾವಿರಾರು ರೋಗಿಗಳನ್ನು ಹಿಂದಕ್ಕೆ ಕಳುಹಿಸಬೇಕಾಯಿತು. ಆ ದೋಷಕ್ಕೆ ಬೇಕಾದ ತಿದ್ದುಪಾಟು ಅದಕ್ಕೆ ಎರಡು ತಿಂಗಳು ಮೊದಲೇ ಹೊರಬಂದಿತ್ತು. ಅದನ್ನು ಹಾಕಿಕೊಳ್ಳದವರೂ, ೨೦೧೪ನೆಯ ಏಪ್ರಿಲ್ ೮ರಂದೇ ಬೆಂಬಲ ಮುಗಿದಿದ್ದ ವಿಂಡೋಸ್ ಎಕ್ಸ್‌ಪಿಯಂಥ ವ್ಯವಸ್ಥೆಗಳನ್ನು ಇನ್ನೂ ನಡೆಸುತ್ತಿದ್ದವರೂ ಅಪಾಯದ ಬಾಯಲ್ಲಿದ್ದರು. ಆದುದರಿಂದ ‘ನಡೆಯುವಷ್ಟು ದಿನ ನಡೆಯಲಿ’ ಎಂಬ ಉದಾಸೀನವನ್ನು ನಾವು ಸರ್ವಥಾ ಅನುಮೋದಿಸಲಾರೆವು. ಬ್ಯಾಂಕಿನ ವ್ಯವಹಾರವನ್ನಾಗಲಿ ಸರ್ಕಾರದ ಕಡತಗಳನ್ನಾಗಲಿ ಅಂಥ ಯಂತ್ರದಲ್ಲಿ ನಡೆಸುವುದು ಬಾಗಿಲಿಲ್ಲದ ಖಜಾನೆಯಲ್ಲಿ ಹಣವಿಟ್ಟಂತೆಯೇ ಸರಿ.

ಇನ್ನುಳಿದ ಮಾರ್ಗಗಳನ್ನು ನೋಡೋಣ. ಆಪಲ್ ಕಂಪೆನಿಯ ಯಂತ್ರಗಳು ಬಹುಕಾಲ ಬಾಳುವುವೆಂಬ ಪ್ರತೀತಿಯಿದೆ. ಆದರೆ ಅಲ್ಲಿಯೂ ಹೀಗೆಯೇ. ಆ ಕಂಪೆನಿಯವರು ೨೦೦೬ರಲ್ಲಿ ಪವರ್‌ಪಿಸಿ ಸಂಸ್ಕಾರಕಗಳನ್ನು ಬಿಟ್ಟು ಇಂಟೆಲ್ ಸಂಸ್ಕಾರಕಗಳಿಗೆ ಬಂದರು. ೨೦೦೯ರ ಆವೃತ್ತಿಯು ಹಿಂದಿನ ಯಂತ್ರಗಳಲ್ಲಿ ನಡೆಯಲಿಲ್ಲ. ೨೦೨೦ರ ನವೆಂಬರಿನಲ್ಲಿ ಇಂಟೆಲನ್ನೂ ಬಿಟ್ಟು ಸ್ವಂತ ಸಂಸ್ಕಾರಕಗಳನ್ನು ತಂದರು. ೨೦೨೫ರಲ್ಲಿ ಬಂದ ಟಾಹೋ ಎಂಬ ಆವೃತ್ತಿಯೇ ಇಂಟೆಲ್ ಯಂತ್ರಗಳಿಗೆ ಕೊನೆಯದೆಂದು ಸಾರಿದರು.

ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯ ಸಂಗತಿಯು ಸ್ವಲ್ಪ ಬೇರೆ. ಫಿನ್ಲೆಂಡಿನ ಲೈನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು ೧೯೯೧ರಲ್ಲಿ ಇದನ್ನು ಆರಂಭಿಸಿದುದು ೩೮೬ ಎಂಬ ಸಂಸ್ಕಾರಕವುಳ್ಳ ಯಂತ್ರದ ಮೇಲೆ. ಆ ೩೮೬ಕ್ಕೇ ಲಿನಕ್ಸಿನವರು ೨೦೧೩ರ ಆವೃತ್ತಿಯಲ್ಲಿ ಬೆಂಬಲವನ್ನು ನಿಲ್ಲಿಸಿದರು. ಆ ವ್ಯವಸ್ಥೆಯ ಹಂಚಿಕೆಗಳಲ್ಲಿ ಪ್ರಸಿದ್ಧವಾದ ಡೆಬಿಯನ್, ೨೦೨೫ರ ಆಗಸ್ಟಿನಲ್ಲಿ ಬಂದ ೧೩ನೆಯ ಆವೃತ್ತಿಯಿಂದ, ೩೨ ಬಿಟ್ಟಿನ ಹಳೆಯ ಪಿಸಿಗಳಲ್ಲಿ ಹೊಸದಾಗಿ ಸ್ಥಾಪಿಸುವ ಸೌಕರ್ಯವನ್ನು ಕೈಬಿಟ್ಟಿತು. ಆದರೂ ವ್ಯತ್ಯಾಸವನ್ನು ಮರೆಯತಕ್ಕದ್ದಲ್ಲ. ಹುಟ್ಟಿದ ಇಪ್ಪತ್ತೇಳು ವರ್ಷಗಳ ಮೇಲೆ ೩೮೬ಕ್ಕೆ ವಿದಾಯ ಹೇಳಿದವರು ಇವರು. ವಿಂಡೋಸ್ ೧೧ ಒಲ್ಲದ, ೬೪ ಬಿಟ್ಟಿನ ಸಂಸ್ಕಾರಕವುಳ್ಳ, ಹತ್ತು ಹನ್ನೆರಡು ವರ್ಷದ ಯಂತ್ರಗಳು ಲಿನಕ್ಸಿನಲ್ಲಿ ಸಾಮಾನ್ಯವಾಗಿ ಚೆನ್ನಾಗಿಯೇ ನಡೆಯುತ್ತವೆ. ಮೂಲ ಲಿಪಿಯು ಬಹಿರಂಗವಾಗಿರುವುದರಿಂದ ಒಬ್ಬರು ಬಿಟ್ಟುದನ್ನು ಮತ್ತೊಬ್ಬರು ಎತ್ತಿಕೊಳ್ಳಲು ಅಡ್ಡಿಯೂ ಇಲ್ಲ.

ಅಂತೂ ಅಮರತ್ವದ ವರವನ್ನು ಪಡೆದ ವ್ಯವಸ್ಥೆಯು ಯಾವುದೂ ಇಲ್ಲ. ಆದುದರಿಂದ ‘ಎಂದೆಂದಿಗೂ ಬಾಳುವುದು ಯಾವುದು’ ಎಂದು ಹುಡುಕುತ್ತ ಕೂರುವುದು ವ್ಯರ್ಥವು. ನಾವು ಕೇಳಬೇಕಾದ ಪ್ರಶ್ನೆ ಬೇರೆ. ಈ ವ್ಯವಸ್ಥೆಯ ಕಾಲ ಮುಗಿದ ದಿನ ನಮ್ಮ ಬರಹವನ್ನೂ ಲೆಕ್ಕವನ್ನೂ ಕಟ್ಟಿಕೊಂಡು ಮತ್ತೊಂದಕ್ಕೆ ಹೋಗಲು ನಮಗೆ ಸಾಧ್ಯವೇ? ಸಾಧ್ಯವಿದ್ದರೆ ಒಡೆತನ ನಮ್ಮದು. ಸಾಧ್ಯವಿಲ್ಲದಿದ್ದರೆ, ಹಣ ಕೊಟ್ಟು ಕೊಂಡ ಯಂತ್ರದಲ್ಲಿಯೂ ನಾವು ಒಕ್ಕಲುಗಳೇ.

ಕನ್ನಡಿಗರಿಗೆ ಈ ಪ್ರಶ್ನೆಯು ಮಿಕ್ಕವರಿಗಿಂತಲೂ ಹತ್ತಿರದ್ದಾಗಿದೆ. ಕಂಪ್ಯೂಟರಿನಲ್ಲಿ ಕನ್ನಡವನ್ನು ಬರೆಯುವ ಅನುಕೂಲವು ಇಲ್ಲದಿದ್ದ ದಿನಗಳಲ್ಲಿ ನಮ್ಮ ಜನರೇ ಉಪಾಯಗಳನ್ನು ಕಂಡುಕೊಂಡರು. ೧೯೯೮ರಲ್ಲಿ ಶೇಷಾದ್ರಿವಾಸು ಅವರ ಬರಹ ಬಂದಿತು. ಅನಂತರ ಕನ್ನಡ ಗಣಕ ಪರಿಷತ್ತಿನವರ ನುಡಿ ಬಂದಿತು. ಮುದ್ರಣಾಲಯಗಳಲ್ಲಿ ಶ್ರೀಲಿಪಿ ಮೊದಲಾದುವು ನೆಲೆಸಿದುವು. ಇವುಗಳಿಂದಾದ ಉಪಕಾರವನ್ನು ನಾಡು ಮರೆಯಲಾರದು. ಆದರೆ ಅಂದಿನ ಉಪಾಯದಲ್ಲಿ ಒಂದು ಗುಟ್ಟು ಅಡಗಿದ್ದಿತು. ಅಚ್ಚುಮೊಳೆಗಳ ಪೆಟ್ಟಿಗೆಯಲ್ಲಿ ಖಾನೆಗಳ ಮೇಲೆ ಇಂಗ್ಲಿಷ್ ಅಕ್ಷರಗಳ ಚೀಟಿಯನ್ನು ಹಾಗೆಯೇ ಬಿಟ್ಟು, ಒಳಗೆ ಮಾತ್ರ ಕನ್ನಡದ ತಲೆಕಟ್ಟು, ಕೊಂಬು, ಒತ್ತುಗಳನ್ನು ತುಂಬಿಟ್ಟರೆ ಹೇಗೋ ಹಾಗೆ. ಆ ಪೆಟ್ಟಿಗೆ, ಎಂದರೆ ಆ ಫಾಂಟು, ಜೊತೆಯಲ್ಲಿರುವವರೆಗೆ ಪರದೆಯ ಮೇಲೆ ಕನ್ನಡವೇ ಕಾಣುವುದು. ಅದಿಲ್ಲದ ಕಡೆಗೆ ಬರಹವನ್ನು ಒಯ್ದೊಡನೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿಯೊಂದು ಎದುರಾಗುವುದು. ಯಂತ್ರದ ದೃಷ್ಟಿಯಲ್ಲಿ ಆ ಬರಹವು ಎಂದೂ ಕನ್ನಡವಾಗಿರಲೇ ಇಲ್ಲ. ಅದರಲ್ಲಿ ಒಂದು ಪದವನ್ನು ಹುಡುಕುವುದೂ, ಅಕಾರಾದಿಯಾಗಿ ಜೋಡಿಸುವುದೂ ಕಷ್ಟವು.

ಇದಕ್ಕೆ ಪರಿಹಾರವು ಬಹಳ ಹಿಂದೆಯೇ ದೊರೆತಿದೆ. ಜಗತ್ತಿನ ಲಿಪಿಗಳಿಗೆಲ್ಲ ಏಕರೂಪದ ಸಂಕೇತಗಳನ್ನು ಕೊಡುವ ಯೂನಿಕೋಡಿನಲ್ಲಿ ೧೯೯೧ರ ಮೊದಲ ಆವೃತ್ತಿಯಿಂದಲೂ ಕನ್ನಡಕ್ಕೆ ೧೨೮ ಮನೆಗಳ ಸ್ವಂತ ಕೋಷ್ಠಕವಿದೆ. ೨೦೦೧ರ ವಿಂಡೋಸ್ ಎಕ್ಸ್‌ಪಿಯು ತುಂಗಾ ಎಂಬ ಕನ್ನಡ ಫಾಂಟಿನೊಡನೆಯೇ ಬಂದಿತ್ತು. ನುಡಿ ಮತ್ತು ಬರಹಗಳ ಈಚಿನ ಆವೃತ್ತಿಗಳೂ ಯೂನಿಕೋಡಿನಲ್ಲಿ ಬರೆಯಬಲ್ಲವು. ಹೀಗಿದ್ದರೂ ಎಷ್ಟೋ ಮುದ್ರಣಾಲಯಗಳ ಪುಸ್ತಕಗಳೂ, ಸಂಘಸಂಸ್ಥೆಗಳ ನಡವಳಿಗಳೂ, ಕಚೇರಿಗಳ ಆಜ್ಞಾಪತ್ರಗಳೂ ಹಳೆಯ ಸಂಕೇತದಲ್ಲಿಯೇ ಉಳಿದಿವೆ. ಪುಟ ಕಟ್ಟುವವರು ಬಿಡಲಾರದೆ ಹಿಡಿದಿರುವ ಪೇಜ್‌ಮೇಕರ್ ತಂತ್ರಾಂಶದ ಕೊನೆಯ ಪ್ರಮುಖ ಆವೃತ್ತಿಯು ೨೦೦೧ರದು; ಅದಕ್ಕೆ ಯೂನಿಕೋಡ್ ಕನ್ನಡವು ತಿಳಿಯದು. ಅದನ್ನು ನಡೆಸುವುದಕ್ಕಾಗಿ ಹಳೆಯ ವಿಂಡೋಸು, ಹಳೆಯ ವಿಂಡೋಸಿಗಾಗಿ ಹಳೆಯ ಯಂತ್ರ, ಹೀಗೆ ಸಂಕೋಲೆಯು ಬೆಳೆದಿದೆ. ಆ ಯಂತ್ರವು ಒಂದು ದಿನ ಏಳದೆ ಹೋದರೆ ಒಳಗಿನ ಕನ್ನಡದ ಗತಿಯೇನು?

ಆದಕಾರಣ, ಯಾವ ವ್ಯವಸ್ಥೆಯನ್ನು ಆರಿಸಬೇಕೆಂಬ ವಿಚಾರಕ್ಕೆ ಮೊದಲೇ ಮಾಡತಕ್ಕ ಕೆಲಸವೊಂದುಂಟು. ಹಳೆಯ ಯಂತ್ರವು ಇನ್ನೂ ನಡೆಯುತ್ತಿರುವಾಗಲೇ ಕಡತಗಳೆಲ್ಲಕ್ಕೂ ಎರಡು ಪ್ರತಿ ತೆಗೆದಿಟ್ಟು, ಕನ್ನಡ ಬರಹವನ್ನು ಯೂನಿಕೋಡಿಗೆ ಪರಿವರ್ತಿಸಬೇಕು. ಪರಿವರ್ತಕಗಳು ಉಚಿತವಾಗಿಯೇ ದೊರೆಯುತ್ತವೆ. ಆದರೆ ಪರಿವರ್ತಿಸಿದುದನ್ನು ಕಣ್ಣಿಟ್ಟು ಓದಿ ತಿದ್ದದೆ ನೆಚ್ಚಬಾರದು. ಹಳೆಯ ಬರಹದ ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕವು ಅವನ್ನೂ ಕನ್ನಡವೆಂದೇ ಬಗೆದು ಅರ್ಥವಿಲ್ಲದ ಅಕ್ಷರಗಳನ್ನಾಗಿ ಮಾಡಿಬಿಡಬಹುದು, ಅರ್ಕಾವೊತ್ತು ಸ್ಥಾನ ತಪ್ಪಬಹುದು, ಅಂಕಿಗಳು ಕೆಡಬಹುದು. ಜಮೀನಿನ ಕಾಗದದಲ್ಲಿ ಒಂದು ಅಂಕಿ ಕೆಟ್ಟರೆ ಆಗುವ ಅನರ್ಥವನ್ನು ನಮ್ಮ ಅಧಿಕಾರಿ ವಾಚಕರಿಗೆ ವಿವರಿಸಬೇಕಾದುದಿಲ್ಲ. ಮೂಲ ಕಡತವನ್ನು ಅಳಿಸದೆ, ಚಿತ್ರರೂಪದ ಒಂದು ಪ್ರತಿಯನ್ನೂ ಜೊತೆಗಿಡುವುದು ಕ್ಷೇಮವು. ಸಾಮಾನ್ಯ ಬರಹಗಳನ್ನು ೨೦೦೬ರಲ್ಲಿ ಅಂತರರಾಷ್ಟ್ರೀಯ ಶಿಷ್ಟವಾಗಿ ಅಂಗೀಕೃತವಾದ ಓಡಿಎಫ್ ಎಂಬ ಮುಕ್ತ ಸ್ವರೂಪದಲ್ಲಿಟ್ಟರೆ ಲಿಬ್ರೆ ಆಫೀಸಿನಲ್ಲಿಯೂ ಇತರ ತಂತ್ರಾಂಶಗಳಲ್ಲಿಯೂ ಅವು ತೆರೆಯುವುವು.

ಇಷ್ಟಾದ ಮೇಲೆ ಆಯ್ಕೆಯು ಸುಲಭವಾಗುವುದು. ಪತ್ರವ್ಯವಹಾರ, ಲೆಕ್ಕದ ಪಟ್ಟಿ, ಅಂತರಜಾಲ, ಇಷ್ಟೇ ಕೆಲಸವುಳ್ಳವರು ಹಳೆಯ ಯಂತ್ರದಲ್ಲಿಯೇ ಲಿನಕ್ಸನ್ನು ಹಾಕಿಕೊಳ್ಳಬಹುದು. ಅದನ್ನು ಸ್ಥಾಪಿಸುವ ಮೊದಲು ಪೆನ್‌ಡ್ರೈವಿನಿಂದಲೇ ನಡೆಸಿ, ಪ್ರಿಂಟರು, ಸ್ಕ್ಯಾನರು, ಡಿಜಿಟಲ್ ಸಹಿಯ ಸಾಧನಗಳು ಒಗ್ಗುವುವೇ ಎಂದು ಪರೀಕ್ಷಿಸುವ ಅನುಕೂಲವಿದೆ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಅನುಸರಿಸಿದ ಕಗಪ ಕೀಲಿಮಣೆಯು ಅದರಲ್ಲಿ ಇರುವುದರಿಂದ ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಹೊಸ ಅಭ್ಯಾಸವು ಬೇಕಿಲ್ಲ. ಯಂತ್ರವು ಮಂದವಾಗಿದ್ದರೆ ಹಳೆಯ ಹಾರ್ಡ್‌ಡಿಸ್ಕಿನ ಬದಲು ಎಸ್‌ಎಸ್‌ಡಿಯನ್ನು ಹಾಕಿಸುವುದರಿಂದ, ಹೊಸ ಯಂತ್ರದ ಬೆಲೆಯ ಅಲ್ಪಾಂಶದಲ್ಲಿಯೇ ಅದು ಚುರುಕಾಗುವುದು. ಪುಟ ಕಟ್ಟುವವರಿಗೆ ಉಚಿತವಾದ ಸ್ಕ್ರೈಬಸ್ ಇದೆ; ೨೦೨೪ರ ೧.೬ನೆಯ ಆವೃತ್ತಿಯು ಭಾರತೀಯ ಲಿಪಿಗಳನ್ನು ಬಲ್ಲದು. ಆದರೆ ಬೆಂಗಳೂರಿನ ಕಂಪೆನಿಯವರೇ ಮಾಡುವ ಟ್ಯಾಲಿಯನ್ನು ಯಂತ್ರದಲ್ಲಿ ಸ್ಥಾಪಿಸಿಕೊಂಡು ಲೆಕ್ಕ ಬರೆಯುವ ವರ್ತಕರ ವಿಷಯ ಬೇರೆ. ಅದು ವಿಂಡೋಸಿಗಾಗಿಯೇ ಮಾಡಿದುದು. ಅಂಥವರು ಹೊಸ ಯಂತ್ರವನ್ನು ಕೊಳ್ಳುವುದೇ ವಿವೇಕವು. ಸ್ವದೇಶಾಭಿಮಾನವೆಂಬ ಹೆಸರಿನಲ್ಲಿ ಅಂಗಡಿಯ ಲೆಕ್ಕವನ್ನು ನಿಲ್ಲಿಸಿರೆಂದು ನಾವು ಯಾರಿಗೂ ಬೋಧಿಸುವವರಲ್ಲ.

ದೊಡ್ಡ ಸಂಸ್ಥೆಗಳಿಗೆ ಎರಡು ನಿದರ್ಶನಗಳು ಪಾಠವಾಗಬಲ್ಲವು. ಜರ್ಮನಿಯ ಮ್ಯೂನಿಕ್ ನಗರಸಭೆಯು ೨೦೦೩ರಲ್ಲಿ ಲಿನಕ್ಸಿಗೆ ಬರಲು ನಿಶ್ಚಯಿಸಿ, ೨೦೧೩ರ ವೇಳೆಗೆ ಸುಮಾರು ೧೫ ಸಾವಿರ ಯಂತ್ರಗಳನ್ನು ಬದಲಾಯಿಸಿಯೂ, ಇತರರೊಡನೆ ಕಾಗದಪತ್ರಗಳ ವಿನಿಮಯದ ತೊಡಕು, ನೌಕರರ ಅಸಮಾಧಾನ ಮೊದಲಾದುವುಗಳ ನಡುವೆ ೨೦೧೭ರಲ್ಲಿ ವಿಂಡೋಸಿಗೆ ಮರಳುವ ನಿರ್ಣಯವನ್ನು ಮಾಡಿತು. ನೆರೆಯ ಕೇರಳದಲ್ಲಿಯಾದರೋ ಈ ಶತಮಾನದ ಮೊದಲ ದಶಕದಲ್ಲಿಯೇ ಸರ್ಕಾರಿ ಪಾಠಶಾಲೆಗಳು ಲಿನಕ್ಸಿಗೆ ಬಂದು ಇಂದಿಗೂ ಅದರಲ್ಲಿಯೇ ನಡೆಯುತ್ತಿವೆ. ಅಲ್ಲಿ ಯಂತ್ರದೊಡನೆ ಉಪಾಧ್ಯಾಯರಿಗೆ ಶಿಕ್ಷಣವೂ, ಪಠ್ಯಪುಸ್ತಕವೂ, ಸ್ವಭಾಷೆಯೂ ಜೊತೆಗೂಡಿದುವು. ಎತ್ತು ಏರಿಗೆ ಕೋಣ ನೀರಿಗೆ ಎಳೆದರೆ ಯಾವ ವ್ಯವಸ್ಥೆಯೂ ನಿಲ್ಲದು.

ನಮ್ಮ ಸರ್ಕಾರಕ್ಕೆ ನಾವು ಮಾಡುವ ವಿಜ್ಞಾಪನೆಯು ಇಷ್ಟೇ. ಭಾರತ ಸರ್ಕಾರವು ಮುಕ್ತ ತಂತ್ರಾಂಶಗಳಿಗೆ ಪ್ರಾಶಸ್ತ್ಯವನ್ನು ಕೊಡುವ ನೀತಿಯನ್ನು ೨೦೧೫ರಲ್ಲಿಯೇ ಪ್ರಕಟಿಸಿದೆ. ಸಿ-ಡ್ಯಾಕ್ ಸಂಸ್ಥೆಯವರು ಬಾಸ್ ಎಂಬ ಲಿನಕ್ಸನ್ನು ಸಿದ್ಧಪಡಿಸಿಯೂ ಇದ್ದಾರೆ. ಬೆಂಬಲ ಮುಗಿದ ಯಂತ್ರಗಳನ್ನು ಗುಜರಿಗೆ ಹಾಕುವ ಮುನ್ನ ಮುಕ್ತ ವ್ಯವಸ್ಥೆಯೊಂದನ್ನು ಹಾಕಿ ಪರೀಕ್ಷಿಸಿ, ಒಗ್ಗಿದವುಗಳನ್ನು ಹಳ್ಳಿಯ ಪಾಠಶಾಲೆಗಳಿಗೂ ವಾಚನಾಲಯಗಳಿಗೂ ಕೊಡಬೇಕು. ಹೊಸದನ್ನು ಕೊಳ್ಳುವಾಗ ಬೆಂಬಲವು ಎಷ್ಟು ವರ್ಷವೆಂಬುದನ್ನು ಟೆಂಡರಿನಲ್ಲಿಯೇ ಬರೆಸಿಕೊಳ್ಳಬೇಕು. ಹಳೆಯ ಸಂಕೇತದಲ್ಲಿರುವ ಕನ್ನಡ ಕಡತಗಳನ್ನು ಯೂನಿಕೋಡಿಗೆ ತರಲು ಇಲಾಖೆಗೊಂದು ಗಡುವನ್ನೂ, ತಿದ್ದಿ ಓದುವ ಜನರನ್ನೂ ಗೊತ್ತುಮಾಡಬೇಕು.

ಯಂತ್ರವು ಹೋದರೆ ಮತ್ತೊಂದನ್ನು ಕೊಳ್ಳಬಹುದು. ಆದರೆ ಇಪ್ಪತ್ತೈದು ವರ್ಷಗಳಿಂದ ಕನ್ನಡಿಗರು ಕಂಪ್ಯೂಟರುಗಳಲ್ಲಿ ಬರೆದಿಟ್ಟ ಪುಸ್ತಕ, ದಾಖಲೆ, ಲೆಕ್ಕಪತ್ರಗಳನ್ನು ಯಾವ ಅಂಗಡಿಯಲ್ಲಿಯೂ ಕೊಳ್ಳಲಾಗದು. ಹಳೆಯ ಯಂತ್ರವು ಇನ್ನೂ ಉಸಿರಾಡುತ್ತಿರುವಾಗಲೇ ಅದರೊಳಗಿನ ಕನ್ನಡವನ್ನು ಹೊರತೆಗೆದು ಭದ್ರಪಡಿಸಿಕೊಳ್ಳುವ ಕಾರ್ಯವನ್ನು ನಮ್ಮ ವಾಚಕರು ಈ ವಾರವೇ ಕೈಗೊಳ್ಳಬೇಕೆಂದು ನಾವು ಆಗ್ರಹಪೂರ್ವಕವಾಗಿ ಬಿನ್ನವಿಸುತ್ತೇವೆ.