ಬಸ್ಸಿನಲ್ಲಿ ಐದು, ಸ್ಕೂಲಿನಲ್ಲಿ ಆರು!

ಮೇ ತಿಂಗಳ ಕೊನೆ ಬಂತೆಂದರೆ ಮೈಸೂರಿನ ಸಂತೇಪೇಟೆ, ದೇವರಾಜ ಅರಸು ರಸ್ತೆಗಳಲ್ಲಿ ಚೀಲ, ಛತ್ರಿ, ನೀರಿನ ಬಾಟಲುಗಳ ಸುಗ್ಗಿ. ಅಪ್ಪನ ಹೆಗಲೇರಿ ಕೂತ ಪುಟಾಣಿ ಬೆರಳು ಮಾಡಿದ ಚೀಲಕ್ಕೇ ಗಿರಾಕಿ. ಅಂಗಡಿಯವರಿಗೆ ವ್ಯಾಪಾರ, ಮನೆಯವರಿಗೆ ಸಂಭ್ರಮ. ಚೀಲ ಬಂತು, ಇನ್ನು ಮಗು ಸ್ಕೂಲಿಗೆ ರೆಡಿ ಅಂತ ಎಲ್ಲರ ಲೆಕ್ಕ.

ನಿಜಕ್ಕೂ ರೆಡಿಯೇ?

ಸಾಮಾನು ಹಿಡಿದು ಹತ್ತಿದ ಬಸ್ಸಿನಲ್ಲೇ ಮೊದಲ ತಮಾಷೆ. “ಮಗೂಗೆ ಎಷ್ಟಮ್ಮಾ ವಯಸ್ಸು?” ಅಂತ ಕಂಡಕ್ಟರ್ ಕೇಳಿದರೆ “ಇನ್ನೂ ಐದು ಸಾರ್” ಎಂಬ ಉತ್ತರ ತುದಿನಾಲಿಗೆಯಲ್ಲೇ ಇರುತ್ತದೆ. ಆರು ತುಂಬಿದರೆ ಅರ್ಧ ಟಿಕೆಟ್ ತಾನೆ! ಮಾರನೆಯ ದಿನ ಹೆಡ್‌ಮಾಸ್ಟರ ಮೇಜಿನ ಮುಂದೆ ಅದೇ ಮಗುವಿಗೆ “ಆರು ತುಂಬ್ತು ಸಾರ್, ಸೇರಿಸ್ಕೊಳ್ಳಿ.” ಒಂದೇ ರಾತ್ರಿಯಲ್ಲಿ ಒಂದು ವರ್ಷ ಬೆಳೆದ ಮಗುವನ್ನು ಕಂಡು ಮೇಷ್ಟ್ರಿಗೂ ಆಶ್ಚರ್ಯವಾಗುವುದಿಲ್ಲ. ಅವರಿಗಿದು ಪ್ರತಿವರ್ಷದ ಕತೆ.

ಹಿಂದಿನ ಕಾಲದಲ್ಲಿ ಈ ತಾಪತ್ರಯವೇ ಇರಲಿಲ್ಲ. ತಲೆಯ ಮೇಲಿಂದ ಕೈ ಹಾಯಿಸಿ ಆ ಕಡೆಯ ಕಿವಿ ಮುಟ್ಟಿದರೆ ಹುಡುಗ ಒಂದನೇ ಕ್ಲಾಸಿಗೆ ಲಾಯಕ್ಕು. ಹುಟ್ಟಿದ ತಾರೀಖನ್ನು ಮೇಷ್ಟ್ರೇ ಅಂದಾಜಿನಲ್ಲಿ ಬರೆದುಕೊಳ್ಳುತ್ತಿದ್ದರು. ಆ ಅಂದಾಜಿನ ತಾರೀಖಿನ ಮೇಲೇ ನೌಕರಿ ಹಿಡಿದು, ಅದರ ಮೇಲೇ ರಿಟೈರ್ ಆದವರು ಊರಿಗೆ ಹತ್ತು ಮಂದಿ ಸಿಗುತ್ತಾರೆ.

ಈಗ ಹಾಗಿಲ್ಲ. ಜೂನ್ 1ಕ್ಕೆ ಆರು ವರ್ಷ ತುಂಬಿರಬೇಕು ಎಂದು ರಾಜ್ಯ ಸರಕಾರ 2022ರಲ್ಲಿ ಆದೇಶ ಹೊರಡಿಸಿತು. ತಂದೆತಾಯಿಗಳ ಒತ್ತಾಯ ಹೆಚ್ಚಿದಾಗ, ಪೂರ್ವಪ್ರಾಥಮಿಕ ಮುಗಿಸಿದ ಮಕ್ಕಳಿಗೆ 2025-26ನೇ ಸಾಲಿನಲ್ಲಿ ಐದು ವರ್ಷ ಐದು ತಿಂಗಳಿಗೆ ಸಡಿಲಿಕೆ ಕೊಟ್ಟಿತು. ಆಯಾ ವರ್ಷದ ನಿಯಮವನ್ನು ಶಾಲೆಯಲ್ಲೋ ಬಿ.ಇ.ಓ. ಕಛೇರಿಯಲ್ಲೋ ವಿಚಾರಿಸಿಕೊಳ್ಳುವುದು ಜಾಣತನ. ಪಕ್ಕದ ಮನೆಯವರ ಮಾತು ನಂಬಿ ಕೂತರೆ ಜೂನ್‌ನಲ್ಲಿ ಓಡಾಟ ತಪ್ಪಿದ್ದಲ್ಲ. ಇನ್ನೊಂದು ವಿಷಯ: 2023ರ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆ ಸೇರಲು ಜನನ ಪ್ರಮಾಣಪತ್ರವೇ ವಯಸ್ಸಿನ ಪುರಾವೆ. ತಾರೀಖನ್ನು ಹಿಂದೆ ಮುಂದೆ ಎಳೆದಾಡುವ ಆಟ ಅಲ್ಲಿಗೆ ಮುಗಿಯಿತು.

“ಒಂದು ವರ್ಷ ಸುಮ್ನೆ ದಂಡ ಆಗುತ್ತಲ್ಲ” ಎಂಬುದು ಮನೆಯವರ ಕೊರಗು. ಆದರೆ ಆ ವಯಸ್ಸಿನಲ್ಲಿ ಏಳೆಂಟು ತಿಂಗಳೆಂದರೆ ಸಣ್ಣ ಅಂತರವಲ್ಲ. ಬಳಪ ಹಿಡಿಯುವ ಬೆರಳಿಗೂ, ಅಮ್ಮನನ್ನು ಬಿಟ್ಟು ಕೂರುವ ಎದೆಗೂ ಅಷ್ಟು ಸಮಯ ಬೇಕಾಗುತ್ತದೆ. ಕಾಯುವ ವರ್ಷ ಮನೆಯಲ್ಲೇ ಕೂರಿಸಬೇಕೆಂದೂ ಇಲ್ಲ. ಆರು ವರ್ಷದೊಳಗಿನ ಮಕ್ಕಳಿಗೆಂದೇ ಅಂಗನವಾಡಿ ಇದೆ. 1975ರ ಅಕ್ಟೋಬರ್ 2ರಂದು ಆ ಯೋಜನೆ ದೇಶದಲ್ಲಿ ಶುರುವಾದಾಗ ಕರ್ನಾಟಕದ ಪಾಲಿಗೆ ಮೊದಲು ಬಂದದ್ದು ಇದೇ ಜಿಲ್ಲೆಯ ಟಿ. ನರಸೀಪುರಕ್ಕೆ.

ಮೊದಲ ಪಾಠ

ವಯಸ್ಸಿನ ಮಾತು ಹಾಗಿರಲಿ. ಮಗುವಿಗೆ ಮನೆಯಲ್ಲಿ ಏನು ಕಲಿಸಿ ಕಳಿಸಬೇಕು? ವಿಜಯದಶಮಿಯಂದು ಶೃಂಗೇರಿಯಲ್ಲೋ ಕೊಲ್ಲೂರಿನಲ್ಲೋ ತಟ್ಟೆಯ ಅಕ್ಕಿಯ ಮೇಲೆ ಅಕ್ಷರ ತಿದ್ದಿಸುವುದು ಒಳ್ಳೆಯ ಪದ್ಧತಿಯೇ. ಅದಾದ ಮೇಲೆ ಬೆಳಗೂ ಬೈಗೂ ಎ ಬಿ ಸಿ ಡಿ, ನೂರರವರೆಗೆ ಎಣಿಕೆ ಅಂತ ಮಗುವನ್ನು ಅರೆಯುವುದು ಮಾತ್ರ ಬೇಡದ ಕೆಲಸ. ಅಕ್ಷರ ಕಲಿಸಲೆಂದೇ ಶಾಲೆ ಇರುವುದು. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಮೊಳೆತು, ಮುಂದೆ ರಾಜ್ಯದ ಸರಕಾರಿ ಶಾಲೆಗಳಿಗೆಲ್ಲ ಹಬ್ಬಿದ ‘ನಲಿ-ಕಲಿ’ಯಲ್ಲಂತೂ ಹಾಡು, ಆಟ, ಕಾರ್ಡುಗಳಿಂದಲೇ ಆರಂಭ. ಖಾಸಗಿ ಶಾಲೆಯಲ್ಲಿ ‘ಇಂಟರ್‌ವ್ಯೂ’ ಇದೆಯಲ್ಲಾ ಎನ್ನಬಹುದು. ಒಂದನೇ ತರಗತಿಗೆ ಮಗುವನ್ನಾಗಲಿ ತಂದೆತಾಯಿಯನ್ನಾಗಲಿ ಪರೀಕ್ಷಿಸುವುದಕ್ಕೆ 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲಿ ನಿಷೇಧವಿದೆ. ಮೊದಲ ತಪ್ಪಿಗೇ 25,000 ರೂಪಾಯಿವರೆಗೆ ದಂಡ.

ಹಾಗಾದರೆ ಮೊದಲು ಕಲಿಸಬೇಕಾದ್ದೇನು? “ಮಿಸ್, ಒಂದಕ್ಕೆ ಹೋಗ್ಬೇಕು.”

ನಗಬೇಡಿ. ಮನೆಯಲ್ಲಿ ಮಗು ಮುಖ ಹಿಂಡಿದರೆ ಅಮ್ಮನಿಗೆ ಗೊತ್ತಾಗುತ್ತೆ. ಮೂವತ್ತು ಮಕ್ಕಳ ನಡುವೆ ಮಿಸ್‌ಗೆ ಹೇಗೆ ಗೊತ್ತಾಗಬೇಕು? ಕೇಳಲು ಬಾಯಿ ಬಾರದೆ ಚಡ್ಡಿ ಒದ್ದೆ ಮಾಡಿಕೊಂಡು, ಉಳಿದವರು ಹೋ ಎಂದು ನಕ್ಕ ಮೇಲೆ, ಆ ಮಗು ಮಾರನೆಯ ಬೆಳಿಗ್ಗೆ ಹೊಟ್ಟೆನೋವು ಅನ್ನುತ್ತದೆ. ಮನೆಯವರು ಓಮದ ನೀರು ಕುಡಿಸುತ್ತಾರೆ! ಮನೆಯಲ್ಲಿ ಉರ್ದುವೋ ತಮಿಳೋ ತೆಲುಗೋ ಆಡುವ ಮಕ್ಕಳ ಪಾಡು ಇನ್ನೂ ಕಷ್ಟ. ಒಂದಕ್ಕೆ ಹೋಗಬೇಕು, ನೀರು ಬೇಕು, ಹೊಟ್ಟೆ ನೋಯುತ್ತಿದೆ, ಅವನು ಹೊಡೆದ: ಇಷ್ಟನ್ನಾದರೂ ಶಾಲೆಯ ಭಾಷೆಯಲ್ಲಿ ಮುಂಚಿತವಾಗಿ ಬಾಯಿಪಾಠ ಮಾಡಿಸಿದರೆ ಮಗು ಬದುಕಿಕೊಳ್ಳುತ್ತದೆ.

ಆಮೇಲೆ ಕೈಕೆಲಸ. ಚಡ್ಡಿ ಬಿಚ್ಚಿ ಹಾಕಿಕೊಳ್ಳುವುದು, ತೊಳೆದುಕೊಳ್ಳುವುದು, ಡಬ್ಬಿ ಮುಚ್ಚಳ ತೆಗೆಯುವುದು, ತುತ್ತು ತಾನೇ ಎತ್ತುವುದು. ಐದು ವರ್ಷ ದಾಟಿದರೂ ಅಜ್ಜಿಯ ಕೈತುತ್ತೇ ಆಗಬೇಕಾದ ಮಗು ಬಿಸಿಯೂಟದ ತಟ್ಟೆ ಮುಂದೆ ಸುಮ್ಮನೆ ಕೂತಿರುತ್ತದೆ. ಗುಂಡಿ ಬಿಗಿಯಿರುವ ಪ್ಯಾಂಟಿಗಿಂತ ಇಲಾಸ್ಟಿಕ್ ಚಡ್ಡಿ ಮೇಲು. ಬಕಲ್ ಇರುವ ಶೂ ನೋಡಲು ಚಂದ, ಬಿಚ್ಚಲು ಶಿಕ್ಷೆ. ಚೀಲದ ವಿಷಯಕ್ಕೆ ಬಂದರೆ, ಒಂದು ಎರಡನೇ ತರಗತಿಯವರದು ಎರಡು ಕಿಲೋ ಮೀರಬಾರದೆಂದು ಸರಕಾರದ 2019ರ ಆದೇಶವಿದೆ. ದಿನಸಿ ಅಂಗಡಿಯವರಿಗೆ ಇದನ್ನು ಪರೀಕ್ಷಿಸುವುದು ಕಷ್ಟವೇನಲ್ಲ, ತಕ್ಕಡಿ ಕೈಯಲ್ಲೇ ಇದೆ.

“ಹಠ ಮಾಡಿದ್ರೆ ಮೇಷ್ಟ್ರಿಗೆ ಹೇಳಿ ಹೊಡೆಸ್ತೀನಿ” ಎಂದು ವರ್ಷವಿಡೀ ಹೆದರಿಸಿ, ಜೂನ್‌ನಲ್ಲಿ ಅದೇ ಮೇಷ್ಟ್ರ ಕೈಗೆ ಮಗುವನ್ನು ಕೊಟ್ಟರೆ ಅದು ಚೀರದೆ ಇನ್ನೇನು ಮಾಡೀತು? ಈ ಮಾತೊಂದನ್ನು ಮನೆಯಲ್ಲಿ ನಿಲ್ಲಿಸಿದರೆ ಅರ್ಧ ತಯಾರಿ ಆದಂತೆ. ರಜದಲ್ಲೇ ದೊಡ್ಡಮ್ಮನ ಮನೆಯಲ್ಲಿ ಒಂದೆರಡು ಗಂಟೆ ಬಿಟ್ಟು ಬರುವ ರೂಢಿ ಇರಲಿ. ಶಾಲೆಯ ಗೇಟನ್ನು ಮೊದಲೇ ಒಮ್ಮೆ ತೋರಿಸಿ ಬರಲಿ.

ಬಿಡುವ ದಿನ ಮಗು ಅತ್ತಿತ್ತ ನೋಡುವಾಗ ಕದ್ದು ಓಡಿಬರುವವರೇ ಹೆಚ್ಚು. ಅದು ತಪ್ಪು. ತಿರುಗಿ ನೋಡಿದಾಗ ಅಮ್ಮ ಇಲ್ಲದಿದ್ದರೆ, ನಾಳೆ ಸೆರಗು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. ಕಿಟಕಿಯ ಹೊರಗೆ ಗಂಟೆಗಟ್ಟಲೆ ನಿಂತು ತಾವೂ ಕಣ್ಣೊರೆಸಿಕೊಳ್ಳುವುದೂ ಬೇಡ. ಹೇಳಿ ಹೊರಡಬೇಕು. ಆರು ವರ್ಷದ ಮಗುವಿಗೆ “ಮೂರೂವರೆಗೆ ಬರ್ತೀನಿ” ಅಂದರೆ ಏನು ಅರ್ಥವಾಗುತ್ತದೆ? “ಊಟ ಆಗಿ, ಆಟ ಆಗಿ, ಬೆಲ್ ಹೊಡೆದಾಗ ಇದೇ ಗೇಟಿನಲ್ಲಿ ಇರ್ತೀನಿ” ಅಂದರೆ ಅರ್ಥವಾಗುತ್ತದೆ. ಹಾಗೆಂದ ಮೇಲೆ ಬೆಲ್ ಹೊಡೆಯುವಾಗ ಅಲ್ಲಿರಲೇಬೇಕು. ಬಸ್ಸು ತಡ, ಗಿರಾಕಿ ಬಂದ್ರು ಎಂಬ ಸಬೂಬು ಆ ಗೇಟಿನಲ್ಲಿ ನಡೆಯುವುದಿಲ್ಲ.

ಮೊದಲ ದಿನ ನಗುತ್ತ ಹೋದ ಮಗು ನಾಲ್ಕನೇ ದಿನ ರಂಪ ಮಾಡುವುದೂ ಉಂಟು. ಇದು ಒಂದು ದಿನದ ಜಾತ್ರೆಯಲ್ಲ, ದಿನಾ ಹೋಗಬೇಕು ಅಂತ ಅದಕ್ಕೆ ಗೊತ್ತಾಗುವುದೇ ಆಗ. ಆ ವಾರ ಅಪ್ಪಂದಿರು ಅಂಗಡಿ ಬಾಗಿಲು ಅರ್ಧ ಗಂಟೆ ತಡವಾಗಿ ತೆಗೆದರೂ ಚಿಂತೆಯಿಲ್ಲ.