ನಗರದ ಬಾವಿಯ ಬಾಣಗಳು ಮತ್ತು ರೊದ್ದಂ ನರಸಿಂಹ

ರೊದ್ದಂ ನರಸಿಂಹ ಗಾಳಿಯ ಹರಿವನ್ನು ಬದುಕಿನುದ್ದಕ್ಕೂ ಓದಿದ ವೈಮಾನಿಕ ಎಂಜಿನಿಯರು. ಸೊರಬ ತಾಲ್ಲೂಕಿನ ಹೊಸಬಾಳೆಯ ಕಡೆಯವರಿಗೆ ಅವರು ಹತ್ತಿರವಾಗುವುದು ವಿಮಾನದಿಂದಲ್ಲ, ಬಾಣಬಿರುಸಿನಿಂದ. ಹೈದರಾಲಿ ಮತ್ತು ಟಿಪ್ಪುವಿನ ಕಾಲದ ಕಬ್ಬಿಣದ ಬಾಣಗಳನ್ನು ರಾಕೆಟ್ ಬಲ್ಲವರ ಕಣ್ಣಿನಿಂದ ನೋಡಿ, ಅಳತೆ ಸಹಿತ ವಿವರಿಸಿದವರು ಅವರು. ಅಂಥ ಬಾಣಗಳ ದೊಡ್ಡ ರಾಶಿಯೇ ಇದೇ ಶಿವಮೊಗ್ಗ ಜಿಲ್ಲೆಯ ಬಾವಿಯೊಂದರಲ್ಲಿ ಸಿಕ್ಕಿತು.

ನರಸಿಂಹ ಹುಟ್ಟಿದ್ದು 1933ರ ಜುಲೈ 20ರಂದು, ಬೆಂಗಳೂರಿನಲ್ಲಿ. ಹೆಸರಿನ ಮುಂದಿನ ರೊದ್ದಂ, ಪೆನುಕೊಂಡೆಯ ಬಳಿಯ ಊರು. ತಂದೆ ಆರ್. ಎಲ್. ನರಸಿಂಹಯ್ಯನವರು ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಮೇಷ್ಟರು, ‘ಜಗತ್ತುಗಳ ಹುಟ್ಟು ಸಾವು’ ಬರೆದವರು. ಆಕಾಶದ ಸಂಗತಿಯನ್ನು ಕನ್ನಡದಲ್ಲಿ ಹೇಳಬಹುದು ಎಂಬುದು ಆ ಮನೆಯಲ್ಲಿ ಚರ್ಚೆಯ ವಿಷಯವೇ ಆಗಿರಲಿಲ್ಲ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದುತ್ತಿದ್ದಾಗ ನರಸಿಂಹ ಒಮ್ಮೆ ಭಾರತೀಯ ವಿಜ್ಞಾನ ಸಂಸ್ಥೆಗೆ ಹೋದರು. ವೈಮಾನಿಕ ವಿಭಾಗದ ಅಂಗಳದಲ್ಲಿ ಯುದ್ಧಕಾಲದ ಸ್ಪಿಟ್‌ಫೈರ್ ವಿಮಾನವೊಂದು ನಿಂತಿತ್ತು. ಆ ನೋಟವೇ ಅವರನ್ನು ವಿಮಾನದ ಕಡೆಗೆ ತಿರುಗಿಸಿತು. 1953ರಲ್ಲಿ ಪದವಿ ಮುಗಿಸಿ ಅಲ್ಲೇ ಸೇರಿದರು. ಗುರುವಾಗಿ ಸಿಕ್ಕವರು ಸತೀಶ್ ಧವನ್. ಮುಂದೆ ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಹಾನ್ಸ್ ಲೀಪ್‌ಮನ್ ಅವರ ಬಳಿ ಡಾಕ್ಟರೇಟ್ ಮಾಡಿ, 1962ರಲ್ಲಿ ಬೆಂಗಳೂರಿಗೆ ವಾಪಸಾದರು.

ಅವರ ಮೊದಲ ಸಂಶೋಧನೆಯ ವಿಷಯವನ್ನು ದೇವರ ಮನೆಯ ಊದುಬತ್ತಿಯಲ್ಲೇ ಕಾಣಬಹುದು. ಬತ್ತಿಯ ಹೊಗೆ ಗೇಣುದ್ದ ದಾರದಂತೆ ನೆಟ್ಟಗೆ ಏಳುತ್ತದೆ, ಆಮೇಲೆ ಒಮ್ಮೆಲೇ ಸಿಕ್ಕುಸಿಕ್ಕಾಗುತ್ತದೆ. ವಿಮಾನದ ರೆಕ್ಕೆಗೆ ಅಂಟಿ ಹರಿಯುವ ಗಾಳಿಯ ತೆಳು ಪದರದಲ್ಲಿಯೂ ನಯವಾದ ಹರಿವು ಹೀಗೆಯೇ ಕದಡುತ್ತದೆ. ಆದರೆ ಪದರವೆಲ್ಲ ಒಟ್ಟಿಗೆ ಕದಡುವುದಿಲ್ಲ. ಮೊದಲು ಅಲ್ಲೊಂದು ಇಲ್ಲೊಂದು ಚುಕ್ಕೆ ಏಳುತ್ತದೆ, ಚುಕ್ಕೆಗಳು ಹಿಗ್ಗುತ್ತ ಹಿಗ್ಗುತ್ತ ಒಂದರೊಳಗೊಂದು ಕೂಡಿಕೊಳ್ಳುತ್ತವೆ. ಈ ಚುಕ್ಕೆಗಳು ಎಲ್ಲೆಂದರಲ್ಲಿ ಹುಟ್ಟುವುದಿಲ್ಲ, ಹರಿವಿಗೆ ಅಡ್ಡಲಾದ ಕಿರಿದಾದ ಪಟ್ಟಿಯೊಂದರಲ್ಲೇ ಹುಟ್ಟುತ್ತವೆ ಎಂದು ನರಸಿಂಹ 1957ರಲ್ಲಿ ಸೂಚಿಸಿದರು. ಆಗ ಅವರಿಗೆ ಇನ್ನೂ ಇಪ್ಪತ್ನಾಲ್ಕರ ಆಸುಪಾಸು.

1984ರಿಂದ 1993ರವರೆಗೆ ಅವರು ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ನಿರ್ದೇಶಕರು. ಹರಿವಿನ ಸಮೀಕರಣ ಬಿಡಿಸಲೆಂದು 1986ರಲ್ಲಿ ಅಲ್ಲಿ ಕಟ್ಟಿದ ಫ್ಲೋಸಾಲ್ವರ್, ಹಲವು ಸಂಸ್ಕಾರಕಗಳು ಒಟ್ಟಿಗೆ ದುಡಿಯುವ ಕಂಪ್ಯೂಟರುಗಳಲ್ಲಿ ಈ ದೇಶದ ಮೊದಲನೆಯದು. ನಿರ್ದೇಶಕರ ಕುರ್ಚಿಯ ಇಷ್ಟೆಲ್ಲ ಕೆಲಸದ ನಡುವೆಯೇ, 1985ರಲ್ಲಿ, ಅವರು ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್‌ಗಳ ನೂರು ವರ್ಷದ ಚರಿತ್ರೆಯನ್ನು ಬರೆದರು. ಪುಟಗಳ ಲೆಕ್ಕದಲ್ಲಿ ಸಣ್ಣದಾದರೂ ಅವರ ಬರವಣಿಗೆಯಲ್ಲಿ ಇದಕ್ಕೆ ದೊಡ್ಡ ಜಾಗ ಸಲ್ಲಬೇಕು.

ಮದ್ದಿನ ಬಾಣ ಹೈದರನಿಗಿಂತ ಹಳೆಯದು. ಆದರೆ ಕಾಗದದ ಅಥವಾ ಬಿದಿರಿನ ಕೊಳವೆಯಲ್ಲಿ ಮದ್ದನ್ನು ಗಟ್ಟಿಯಾಗಿ ಗಿಡಿಯುವಂತಿಲ್ಲ, ಒತ್ತಡ ಏರಿದರೆ ಕೊಳವೆಯೇ ಸಿಡಿಯುತ್ತದೆ. ಮೈಸೂರಿನ ಕುಲುಮೆಗಳಲ್ಲಿ ಮೆದು ಕಬ್ಬಿಣವನ್ನು ಬಡಿದು ಕೊಳವೆ ಮಾಡಿದರು. ಕಬ್ಬಿಣ ಒತ್ತಡ ತಡೆಯಿತು, ಅನಿಲ ಬಿರುಸಾಗಿ ಹಿಂದಕ್ಕೆ ನುಗ್ಗಿತು, ಬಾಣ ದೂರಕ್ಕೆ ಹೋಯಿತು. ಲಂಡನ್ನಿನ ವೂಲ್‌ವಿಚ್‌ನಲ್ಲಿದ್ದ ಎರಡು ಬಾಣಗಳ ಅಳತೆಯನ್ನು ನರಸಿಂಹ ಕೊಟ್ಟಿದ್ದಾರೆ. ಒಂದರ ಕೊಳವೆ 58 ಮಿಲಿಮೀಟರ್ ದಪ್ಪ, 254 ಮಿಲಿಮೀಟರ್ ಉದ್ದ; ಅದನ್ನು ಚರ್ಮದ ಪಟ್ಟಿಯಿಂದ ಬಿಗಿದಿರುವುದು ಒಂದು ಮೀಟರಿಗಿಂತ ತುಸು ಉದ್ದದ ಕತ್ತಿಯ ಅಲಗಿಗೆ. ಇನ್ನೊಂದು ಸಣ್ಣದು, 37 ಮಿಲಿಮೀಟರ್ ದಪ್ಪ; ಅದರ ಬಾಲ 1.9 ಮೀಟರ್ ಉದ್ದದ ಬಿದಿರು. ಈ ಬಾಲ ಬರಿಯ ಹಿಡಿಕೆಯಲ್ಲ. ಹಾರುವಾಗ ಬಾಣ ಮಗುಚದಂತೆ ನೆಟ್ಟಗಿಡುವುದು ಅದೇ.

1780ರ ಪೊಳ್ಳಿಲೂರು ಕಾಳಗದಲ್ಲಿ ಬ್ರಿಟಿಷ್ ಕಡೆಯ ಕರ್ನಲ್ ಬೇಯ್ಲಿಯ ಮದ್ದಿನ ಬಂಡಿಗಳು ಸಿಡಿದದ್ದು ಈ ಬಾಣಗಳಿಂದಲೇ ಎಂಬ ಮಾತಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬಾಣಗಳು ಸಮುದ್ರ ದಾಟಿದವು. ಕೆಲವೇ ವರ್ಷಗಳಲ್ಲಿ ವೂಲ್‌ವಿಚ್‌ನ ವಿಲಿಯಂ ಕಾಂಗ್ರೀವ್ ಅದೇ ಬಗೆಯ ರಾಕೆಟ್ ಮಾಡಿದ, 1807ರಲ್ಲಿ ಕೋಪನ್‌ಹೇಗನ್ ಅದರಿಂದ ಉರಿಯಿತು. ನರಸಿಂಹರನ್ನು ಕಾಡಿದ್ದು ಈ ತಿರುವು. ಇಲ್ಲಿ ಕಮ್ಮಾರನ ಕೈಯಲ್ಲಿದ್ದ ಹದ ಅಲ್ಲಿ ತೂಕ, ಪರೀಕ್ಷೆ, ನಕ್ಷೆಗೆ ಇಳಿಯಿತು, ಕಾರ್ಖಾನೆಯಾಯಿತು. ಇಲ್ಲಿ ಕುಲುಮೆಯ ಬೆಂಕಿ ಆರಿದೊಡನೆ ವಿದ್ಯೆಯೂ ಆರಿತು. ಟಿಪ್ಪುವನ್ನು ಹೊಗಳುವುದಕ್ಕೋ ತೆಗಳುವುದಕ್ಕೋ ಬಾಣ ಎತ್ತಿಕೊಳ್ಳುವವರ ನಡುವೆ, ಹೀಗೇಕಾಯಿತು ಎಂದು ಅವರು ಕೇಳಿದ ಪ್ರಶ್ನೆಯೇ ಹೆಚ್ಚು ಬಾಳುವಂಥದ್ದು.

ಕೆಳದಿ ಅರಸರ ಕೊನೆಯ ರಾಜಧಾನಿ ಬಿದನೂರು 1763ರಲ್ಲಿ ಹೈದರನ ವಶವಾಗಿ ಹೈದರ್‌ನಗರವಾಯಿತು. ಅದೇ ಇಂದಿನ ಹೊಸನಗರ ತಾಲ್ಲೂಕಿನ ನಗರ. ಚಂದ್ರಗುತ್ತಿ ಸೇರಿ ಸೊರಬದ ಸೀಮೆಯೂ ಆ ಅರಸರದ್ದೇ. ನಗರದ ಪಾಳುಬಾವಿಯೊಂದರಲ್ಲಿ 2002ರಲ್ಲಿ ತುಕ್ಕು ಹಿಡಿದ ಕಬ್ಬಿಣದ ಕೊಳವೆಗಳು ಸಿಕ್ಕಿದ್ದವು. ಅವು ಬಾಣಗಳೆಂದು ಗೊತ್ತಾಗಲು ವರ್ಷಗಳೇ ಹಿಡಿದವು. 2018ರ ಜುಲೈನಲ್ಲಿ ಪುರಾತತ್ವ ಇಲಾಖೆ ಅಗೆಸಿದಾಗ ಕೆಸರಿನಿಂದ ಸಾವಿರಕ್ಕೂ ಹೆಚ್ಚು ಮೇಲೆ ಬಂದವು. ವೂಲ್‌ವಿಚ್‌ನಲ್ಲಿ ಇದ್ದದ್ದು ಎರಡು, ಇಲ್ಲಿ ಸಾವಿರ.

ನಿವೃತ್ತಿಯ ವಯಸ್ಸು ದಾಟಿದ ಮೇಲೂ ನರಸಿಂಹರ ಕೆಲಸ ನಿಲ್ಲಲಿಲ್ಲ. ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಮಳೆಮೋಡದ ಬೆಳವಣಿಗೆಯನ್ನು ನೀರಿನ ತೊಟ್ಟಿಯಲ್ಲಿ ಮಾಡಿ ನೋಡಿದರು. ಹಬೆ ನೀರಾಗುವಾಗ ಬಿಡುವ ಶಾಖಕ್ಕೆ ಬದಲಾಗಿ ಮೇಲೇಳುವ ಧಾರೆಗೆ ವಿದ್ಯುತ್ತಿನಿಂದ ಶಾಖ ಕೊಟ್ಟರು. ಯೋಗವಾಸಿಷ್ಠದಿಂದ ಆಯ್ದ ಶ್ಲೋಕಗಳನ್ನು ಇಂಗ್ಲಿಷಿಗೆ ತಂದರು. 2013ರಲ್ಲಿ ಪದ್ಮವಿಭೂಷಣ ಬಂತು. 2020ರ ಡಿಸೆಂಬರ್ 14ರಂದು, ಮಿದುಳಿನ ರಕ್ತಸ್ರಾವದಿಂದ, ಬೆಂಗಳೂರಿನಲ್ಲೇ ತೀರಿಕೊಂಡರು. ವಯಸ್ಸು 87.

ನಗರದ ಕೊಳವೆಗಳು ಈಗ ಶಿವಮೊಗ್ಗದ ಶಿವಪ್ಪ ನಾಯಕ ಅರಮನೆಯ ವಸ್ತುಸಂಗ್ರಹಾಲಯಕ್ಕೆ ಸೇರಿವೆ. ಹೊಸಬಾಳೆಯಿಂದ ಶಿಕಾರಿಪುರದ ಮೇಲೆ ಹೋದರೆ ಅರ್ಧ ದಿನದಲ್ಲಿ ನೋಡಿ ಬರಬಹುದು. ಮಲೆನಾಡಿನ ತೇವಕ್ಕೆ ಹಳೆಯ ಕಬ್ಬಿಣ ಬೇಗ ಪುಡಿಯಾಗುತ್ತದೆ, ಅವುಗಳಿಗೆ ಒಣ ಕೋಣೆ ಬೇಕು, ಒಂದೊಂದರ ಅಳತೆ ಬೇಕು. ಎರಡೇ ಬಾಣಗಳಿಂದ ಅಷ್ಟನ್ನು ಓದಿದ ಕಣ್ಣು ಮುಚ್ಚಿದ್ದು, ಬಾವಿಯಿಂದ ಸಾವಿರ ಮೇಲೆ ಬಂದ ಎರಡೂವರೆ ವರ್ಷದೊಳಗೆ.