ಶಾಸಕರ ಸಾಧನೆ ಪಟ್ಟಿಯಲ್ಲಿ ನಮ್ಮ ಪಾಲಿಗೆ ಬಂದದ್ದೇನು?



ವಿಧಾನಮಂಡಲದ ಅಧಿವೇಶನ ಮುಗಿದ ಮೇಲೆ ಶಾಸಕರು ಊರೂರಿಗೆ ಬರುತ್ತಾರೆ. ಸಂಘದ ಕಟ್ಟಡದ ಉದ್ಘಾಟನೆ ಇರಲಿ, ಸರ್ವಸದಸ್ಯರ ಸಭೆ ಇರಲಿ, ಮೈಕು ಹಿಡಿದು ತಾವು ಮಾಡಿದ ಕೆಲಸಗಳನ್ನು ಹೇಳುತ್ತಾರೆ. ಕೆಲವರು ಬಣ್ಣದ ಪುಸ್ತಿಕೆ ಹಂಚುತ್ತಾರೆ. ಅದರಲ್ಲಿ ಕಾನೂನು ಇರುತ್ತದೆ, ಯೋಜನೆ ಇರುತ್ತದೆ, ರಸ್ತೆ ಇರುತ್ತದೆ, ಭರವಸೆಯೂ ಇರುತ್ತದೆ. ಎಲ್ಲವೂ ಒಂದೇ ಅಕ್ಷರದಲ್ಲಿ ಅಚ್ಚಾಗಿರುವುದರಿಂದ ಎಲ್ಲವೂ ಒಂದೇ ತೂಕದ್ದು ಅನ್ನಿಸುತ್ತದೆ.

ಸಂಘದಲ್ಲಿ ಎಲ್ಲರ ಕ್ಯಾನಿನ ಹಾಲೂ ಬೆಳ್ಳಗೇ ಕಾಣುತ್ತದೆ. ಜಿಡ್ಡು ಮತ್ತು ಎಸ್‌ಎನ್‌ಎಫ್ ಪರೀಕ್ಷೆ ಆದ ಮೇಲೆಯೇ ಅದರ ಬೆಲೆ ತಿಳಿಯುವುದು. ಸಾಧನೆಯ ಪಟ್ಟಿಯನ್ನೂ ಹಾಗೆಯೇ ಪರೀಕ್ಷಿಸಿ ನೋಡಬೇಕು. ಹೇಗೆ ನೋಡಬೇಕು, ನೋಡದೆ ನಂಬಿದರೆ ಏನು ನಷ್ಟ ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ.

ಪಟ್ಟಿಯಲ್ಲಿ ನಾಲ್ಕು ಬಗೆ

ಮೊದಲನೆಯದು ಕಾಯ್ದೆ. ಮಸೂದೆಯನ್ನು ವಿಧಾನಸಭೆಯಲ್ಲಿ ಮಂಡಿಸಿ, ಚರ್ಚಿಸಿ, ಒಪ್ಪಿಗೆ ಪಡೆಯಬೇಕು. ನಮ್ಮ ವಿಧಾನಸಭೆಯಲ್ಲಿ 224 ಚುನಾಯಿತ ಸದಸ್ಯರಿದ್ದಾರೆ. ಆ ಮೇಲೆ 75 ಸದಸ್ಯರ ವಿಧಾನ ಪರಿಷತ್ತಿಗೆ ಹೋಗಬೇಕು. ಬಳಿಕ ರಾಜ್ಯಪಾಲರ ಅಂಕಿತ ಬೀಳಬೇಕು, ರಾಜ್ಯಪತ್ರದಲ್ಲಿ ಪ್ರಕಟವಾಗಬೇಕು. ಅಲ್ಲಿಯವರೆಗೆ ಅದು ಮಸೂದೆಯೇ ಹೊರತು ಕಾಯ್ದೆಯಲ್ಲ. ‘ಮಸೂದೆ ಅಂಗೀಕಾರವಾಯಿತು’ ಎಂದರೆ ಕಾನೂನು ಜಾರಿಗೆ ಬಂತು ಎಂದು ಅರ್ಥವಲ್ಲ.

ಎರಡನೆಯದು ಸರ್ಕಾರದ ಆದೇಶ. ಸಂಪುಟ ತೀರ್ಮಾನಿಸುತ್ತದೆ, ಬಜೆಟ್‌ನಲ್ಲಿ ಹಣ ಇಡುತ್ತಾರೆ, ಇಲಾಖೆ ಆದೇಶ ಹೊರಡಿಸುತ್ತದೆ. ನಾವು ಸಂಘಕ್ಕೆ ಹಾಕುವ ಹಾಲಿಗೆ ಸರ್ಕಾರ ಕೊಡುವ ಪ್ರೋತ್ಸಾಹಧನ ಈ ಬಗೆಯದು. 2008ರಲ್ಲಿ ಲೀಟರಿಗೆ 2 ರೂಪಾಯಿ ಇದ್ದದ್ದು 2013ರಲ್ಲಿ 4 ರೂಪಾಯಿಯಾಗಿ, ಮುಂದೆ 5 ರೂಪಾಯಿಗೆ ಏರಿತು. ಬೇರೆ ಬೇರೆ ಸರ್ಕಾರಗಳು ಇದನ್ನು ನಡೆಸಿಕೊಂಡು ಬಂದಿವೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣ, ಅದೇ ವರ್ಷದ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಪಡೆದ ಗೃಹಲಕ್ಷ್ಮಿಯ 2,000 ರೂಪಾಯಿ ಕೂಡ ಇದೇ ಸಾಲಿಗೆ ಸೇರುತ್ತವೆ.

ಕಾಯ್ದೆಗೂ ಆದೇಶಕ್ಕೂ ಏನು ವ್ಯತ್ಯಾಸ? ಕಾಯ್ದೆಯನ್ನು ಬದಲಿಸಬೇಕಾದರೆ ಮತ್ತೆ ಸದನಕ್ಕೇ ಹೋಗಬೇಕು. ಆದೇಶವನ್ನು ಸರ್ಕಾರವೇ ಬದಲಿಸಬಹುದು. ಬಜೆಟ್‌ನಲ್ಲಿ ಹಣ ಕಡಿಮೆಯಾದರೆ ಖಾತೆಗೆ ಬರುವುದೂ ತಡವಾಗುತ್ತದೆ. ಅದಕ್ಕೇ ಪ್ರೋತ್ಸಾಹಧನದ ಬಗ್ಗೆ ‘ಎಷ್ಟು ರೂಪಾಯಿ’ ಎಂದು ಕೇಳಿದರೆ ಸಾಲದು, ‘ಯಾವ ತಿಂಗಳವರೆಗೆ ಬಿಡುಗಡೆಯಾಗಿದೆ’ ಎಂದೂ ಕೇಳಬೇಕು.

ಮೂರನೆಯದು ಕ್ಷೇತ್ರದ ಕಾಮಗಾರಿ. ಶಾಸಕರ ಸ್ಥಳೀಯ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ ರೂಪಾಯಿ. ಸಮುದಾಯ ಭವನ, ಶಾಲೆಯ ಕೊಠಡಿ, ಕುಡಿಯುವ ನೀರಿನಂಥ ಕೆಲಸಗಳಿಗೆ ಇದರಿಂದ ಹಣ ಕೊಡಬಹುದು. ಇದು ಉಪಯೋಗದ ಕೆಲಸವೇ, ಆದರೆ ಶಾಸನ ರಚನೆಯ ಕೆಲಸವಲ್ಲ.

ನಾಲ್ಕನೆಯದು ಸದನದಲ್ಲಿ ಎತ್ತಿದ ಪ್ರಶ್ನೆ. ಚುಕ್ಕೆ ಗುರುತಿನ ಪ್ರಶ್ನೆಗೆ ಸಚಿವರು ಸದನದಲ್ಲಿ ಬಾಯಿಮಾತಿನಲ್ಲಿ ಉತ್ತರಿಸಬೇಕು. ಚುಕ್ಕೆ ಗುರುತಿಲ್ಲದ ಪ್ರಶ್ನೆಗೆ ಬರಹದಲ್ಲಿ ಉತ್ತರ ಬರುತ್ತದೆ. ಗಮನ ಸೆಳೆಯುವ ಸೂಚನೆ, ಶೂನ್ಯ ವೇಳೆಯ ಪ್ರಸ್ತಾಪಗಳೂ ಇವೆ. ಇವು ಚಿಕ್ಕವೆಂದು ತಿಳಿಯಬೇಡಿ. ವಿರೋಧ ಪಕ್ಷದ ಶಾಸಕರಿಗೆ ಆದೇಶ ಹೊರಡಿಸುವ ಅಧಿಕಾರ ಇರುವುದಿಲ್ಲ. ಆದರೆ ನಿಮ್ಮ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ವೈದ್ಯರ ಹುದ್ದೆ ಖಾಲಿ ಇದ್ದರೆ ಅದನ್ನು ಸಚಿವರಿಂದಲೇ ಉತ್ತರವಾಗಿ ಪಡೆದು ದಾಖಲೆಗೆ ತರಬಹುದು.

ಒಂದು ಕಾಯ್ದೆಯನ್ನು ಬಿಡಿಸಿ ನೋಡೋಣ

ಇತ್ತೀಚಿನ ವರ್ಷಗಳಲ್ಲಿ ಹಳ್ಳಿಯ ಹೆಣ್ಣುಮಕ್ಕಳ ನಡುವೆ ಹೆಚ್ಚು ಮಾತಿಗೆ ಬಂದದ್ದು ಮೈಕ್ರೋ ಫೈನಾನ್ಸ್ ಕಾನೂನು. ಸಾಧನೆಯ ಪಟ್ಟಿಯಲ್ಲಿ ಅದಕ್ಕೆ ಒಂದು ಸಾಲು ಸಿಗಬಹುದು. ಆ ಒಂದು ಸಾಲಿನ ಹಿಂದೆ ಏನಿದೆ ಎಂದು ನೋಡಿದರೆ ಉಳಿದ ಸಾಲುಗಳನ್ನು ಓದುವ ಬಗೆಯೂ ತಿಳಿಯುತ್ತದೆ.

2025ರ ಜನವರಿಯಲ್ಲಿ ಸಾಲ ವಸೂಲಿಯ ಕಿರುಕುಳದಿಂದ ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿಗಳು ರಾಜ್ಯದ ಹಲವು ಕಡೆಗಳಿಂದ ಬಂದವು. ಸದನ ನಡೆಯುತ್ತಿರಲಿಲ್ಲ. ಅಂಥ ಹೊತ್ತಿನಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನು ಸಿದ್ಧಪಡಿಸಿ ರಾಜ್ಯಪಾಲರಿಗೆ ಕಳಿಸಬಹುದು. ಹಾಗೆಯೇ ಕಳಿಸಿತು. ರಾಜ್ಯಪಾಲ ಥಾವರಚಂದ್ ಗೆಹ್ಲೋಟ್ ಅವರು ಫೆಬ್ರವರಿ ಮೊದಲ ವಾರದಲ್ಲಿ ಅದನ್ನು ವಾಪಸ್ ಕಳಿಸಿದರು. ಕೊಡುವ ಸಾಲವೇ ಹೆಚ್ಚೆಂದರೆ 3 ಲಕ್ಷ ಇರುವಾಗ 5 ಲಕ್ಷ ದಂಡ ಸರಿಯೇ, ನಿಯಮದಂತೆ ಸಾಲ ಕೊಟ್ಟವರಿಗೆ ತೊಂದರೆಯಾಗುವುದಿಲ್ಲವೇ ಎಂಬುದು ಅವರ ಆಕ್ಷೇಪವಾಗಿತ್ತು. ಸರ್ಕಾರ ವಿವರಣೆ ಕೊಟ್ಟು ಮತ್ತೆ ಕಳಿಸಿತು. ಫೆಬ್ರವರಿ 12ರಂದು ಅಂಕಿತ ಬಿತ್ತು.

ಸುಗ್ರೀವಾಜ್ಞೆಗೆ ಆಯಸ್ಸು ಕಡಿಮೆ. ಸದನ ಮತ್ತೆ ಸೇರಿದ ಆರು ವಾರಗಳಲ್ಲಿ ಅದು ತಾನೇ ಬಿದ್ದುಹೋಗುತ್ತದೆ. ಉಳಿಯಬೇಕಾದರೆ ಮಸೂದೆಯಾಗಿ ಒಪ್ಪಿಗೆ ಪಡೆಯಬೇಕು. ಮಾರ್ಚ್ ತಿಂಗಳ ಬಜೆಟ್ ಅಧಿವೇಶನದಲ್ಲಿ ಆ ಕೆಲಸವಾಯಿತು. ಹೀಗೆ ಬಂದದ್ದು ಕರ್ನಾಟಕ ಕಿರು ಸಾಲ ಮತ್ತು ಸಣ್ಣ ಸಾಲ (ಬಲವಂತದ ಕ್ರಮಗಳ ಪ್ರತಿಬಂಧಕ) ಕಾಯ್ದೆ, 2025.

ಇದರಲ್ಲಿ ಇರುವ ಮುಖ್ಯ ಅಂಶಗಳು ಇವು:

- ಕಾಯ್ದೆಯ ವ್ಯಾಪ್ತಿಗೆ ಬರುವ ಕಿರು ಸಾಲ ಸಂಸ್ಥೆ, ಲೇವಾದೇವಿದಾರರು ಜಿಲ್ಲೆಯ ನೋಂದಣಿ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕು.
- ಸಾಲಕ್ಕೆ ಅಡಮಾನ ಕೇಳುವಂತಿಲ್ಲ.
- ಸಾಲಗಾರರನ್ನಾಗಲಿ ಮನೆಯವರನ್ನಾಗಲಿ ಬೆದರಿಸುವುದು, ಅವಮಾನಿಸುವುದು, ಬೆನ್ನು ಹತ್ತುವುದು, ಪದೇ ಪದೇ ಮನೆ ಬಾಗಿಲಿಗೆ ಬಂದು ಕಾಡುವುದು, ವಸೂಲಿಗೆ ಗೂಂಡಾಗಳನ್ನು ಕಳಿಸುವುದು, ಸರ್ಕಾರಿ ಸೌಲಭ್ಯದ ದಾಖಲೆಗಳನ್ನು ಕಸಿಯುವುದು ಬಲವಂತದ ಕ್ರಮ ಎನಿಸುತ್ತದೆ.
- ತಪ್ಪು ಸಾಬೀತಾದರೆ 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ.
- ದೂರು ಕೊಟ್ಟರೆ ಪೊಲೀಸರು ದಾಖಲಿಸಿಕೊಳ್ಳುವುದಿಲ್ಲ ಎನ್ನುವಂತಿಲ್ಲ.
- ನೋಂದಣಿಯಾಗಲಿ ಪರವಾನಗಿಯಾಗಲಿ ಇಲ್ಲದವರು ದುರ್ಬಲ ವರ್ಗದವರಿಗೆ ಕೊಟ್ಟ ಸಾಲ ಬಡ್ಡಿ ಸಮೇತ ತೀರಿತು ಎಂದೇ ಲೆಕ್ಕ.

‘ಸಾಲ ಮನ್ನಾ’ ಎಂಬ ತಪ್ಪು ತಿಳಿವಳಿಕೆ

ಕೊನೆಯ ಅಂಶ ಊರಿಗೆ ಬರುವಷ್ಟರಲ್ಲಿ ‘ಮೈಕ್ರೋ ಫೈನಾನ್ಸ್ ಸಾಲವೆಲ್ಲ ಮನ್ನಾ’ ಎಂದು ಸುಲಭವಾಗಿ ಬದಲಾಗಿಬಿಡುತ್ತದೆ. ವೇದಿಕೆಯ ಮೇಲೆ ಯಾರಾದರೂ ‘ಸಾಲದಿಂದ ಮುಕ್ತಿ ಕೊಡಿಸಿದೆವು’ ಎಂದರೆ ಆ ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ.

ಕಾಯ್ದೆಯಲ್ಲಿ ಹಾಗಿಲ್ಲ. ಬ್ಯಾಂಕುಗಳಿಗೂ ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದ ಹಣಕಾಸು ಕಂಪನಿಗಳಿಗೂ ಈ ಕಾಯ್ದೆ ಅನ್ವಯಿಸುವುದಿಲ್ಲ. ನಮ್ಮ ಊರುಗಳಲ್ಲಿ ಗುಂಪು ಕಟ್ಟಿ ಸಾಲ ಕೊಡುವ ದೊಡ್ಡ ಕಂಪನಿಗಳಲ್ಲಿ ಹಲವು ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿತವಾದವು. ಅಂಥ ಕಡೆ ಹಸು ಕೊಳ್ಳಲು ತಂದ ಸಾಲವನ್ನು ತೀರಿಸಲೇಬೇಕು. ಮನ್ನಾ ಆಯಿತೆಂದು ಕಂತು ನಿಲ್ಲಿಸಿದರೆ ಬಾಕಿ ಬೆಳೆಯುತ್ತದೆ. ಸಾಲದ ದಾಖಲೆಯಲ್ಲಿ ಹೆಸರು ಕೆಟ್ಟು, ನಾಳೆ ಇನ್ನೊಂದು ರಾಸು ಕೊಳ್ಳಲು ಬ್ಯಾಂಕಿಗೆ ಹೋದಾಗ ಬರಿಗೈಯಲ್ಲಿ ಬರಬೇಕಾಗುತ್ತದೆ. ಗುಂಪಿನ ಉಳಿದ ಸದಸ್ಯೆಯರಿಗೂ ಅದರ ಬಿಸಿ ತಟ್ಟುತ್ತದೆ.

ಹಾಗಾದರೆ ಅಂಥ ಕಂಪನಿಯವರು ಏನು ಮಾಡಿದರೂ ನಡೆಯುತ್ತದೆಯೇ? ಇಲ್ಲ. ಅವರಿಗೆ 2022ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮಗಳಿವೆ. ವರ್ಷಕ್ಕೆ 3 ಲಕ್ಷ ರೂಪಾಯಿವರೆಗೆ ಆದಾಯವಿರುವ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಸಾಲ ಈ ನಿಯಮಗಳಡಿ ಬರುತ್ತದೆ. ಮನೆಯ ಎಲ್ಲ ಸಾಲಗಳ ತಿಂಗಳ ಕಂತು ಸೇರಿ ಮನೆಯ ತಿಂಗಳ ಆದಾಯದ ಅರ್ಧವನ್ನು ಮೀರುವಂತೆ ಹೊಸ ಸಾಲ ಕೊಡುವಂತಿಲ್ಲ. ಬೆಳಿಗ್ಗೆ 9ಕ್ಕೆ ಮೊದಲು, ಸಂಜೆ 6ರ ನಂತರ ವಸೂಲಿಗೆ ಕರೆ ಮಾಡುವಂತಿಲ್ಲ. ಬೈಗುಳ, ಬೆದರಿಕೆ ಕೂಡದು. ನಮಗೆ ಅರ್ಥವಾಗುವ ಭಾಷೆಯಲ್ಲಿ ಸಾಲದ ಕಾರ್ಡ್ ಕೊಡಬೇಕು. ಅವಧಿಗೆ ಮೊದಲೇ ಸಾಲ ತೀರಿಸಿದರೆ ದಂಡ ಹಾಕುವಂತಿಲ್ಲ.

ನಿಯಮ ಮುರಿದರೆ ಮೊದಲು ಕಂಪನಿಗೇ ಬರಹದಲ್ಲಿ ದೂರು ಕೊಡಿ, ಒಂದು ಪ್ರತಿ ನಿಮ್ಮಲ್ಲಿ ಇಟ್ಟುಕೊಳ್ಳಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಮಾಹಿತಿಗೆ ಸಹಾಯವಾಣಿ 14448. ಹೊಡೆಯುತ್ತೇನೆ, ಕೊಟ್ಟಿಗೆಯಿಂದ ಹಸು ಬಿಚ್ಚಿಕೊಂಡು ಹೋಗುತ್ತೇನೆ ಎಂದು ಯಾರೇ ಹೆದರಿಸಿದರೂ ಅದು ಅಪರಾಧವೇ. ಅದಕ್ಕೆ 30 ದಿನ ಕಾಯಬೇಕಿಲ್ಲ, ಪೊಲೀಸರ 112ಕ್ಕೆ ಕರೆ ಮಾಡಿ.

ಸಾಲ ಕೊಟ್ಟವರು ಯಾವ ಬಗೆಯವರು ಎಂದು ತಿಳಿಯಲು ಸಾಲದ ಕಾರ್ಡ್‌ನಲ್ಲಿರುವ ಕಂಪನಿಯ ಪೂರ್ಣ ಹೆಸರು ಬರೆದುಕೊಂಡು ನಿಮ್ಮ ಖಾತೆ ಇರುವ ಬ್ಯಾಂಕಿನಲ್ಲಿ ಅಥವಾ ಜಿಲ್ಲೆಯ ಲೀಡ್ ಬ್ಯಾಂಕ್ ಕಚೇರಿಯಲ್ಲಿ ವಿಚಾರಿಸಿ. ಕಾರ್ಡೇ ಕೊಡದೆ, ರಸೀದಿಯೂ ಇಲ್ಲದೆ ವಸೂಲಿ ಮಾಡುವವರ ವಿಷಯದಲ್ಲಿ ರಾಜ್ಯದ ಈ ಕಾಯ್ದೆಯಿಂದ ನಿಮಗೆ ನೆರವು ಸಿಗಬಹುದು.

ಶಾಸಕರನ್ನು ಕೇಳಬೇಕಾದ ಐದು ಪ್ರಶ್ನೆ

ಇಷ್ಟು ತಿಳಿದ ಮೇಲೆ ಶಾಸಕರು ಸಂಘಕ್ಕೆ ಬಂದಾಗ ಮರ್ಯಾದೆಯಿಂದಲೇ, ಹಿಂಜರಿಯದೆ ಹೀಗೆ ಕೇಳಬಹುದು:

1. ಸ್ವಾಮಿ, ನೀವು ಹೇಳಿದ್ದು ಕಾಯ್ದೆಯೋ, ಆದೇಶವೋ, ಇನ್ನೂ ಮಸೂದೆಯೋ?
2. ಯಾವ ದಿನಾಂಕದಿಂದ ಜಾರಿ?
3. ಯಾರಿಗೆ ಅನ್ವಯಿಸುತ್ತದೆ, ಯಾರಿಗೆ ಇಲ್ಲ?
4. ಅದಕ್ಕೆ ಹಣ ಇಟ್ಟಿದ್ದಾರೆಯೇ? ಬಾಕಿ ಇದ್ದರೆ ಎಷ್ಟು ತಿಂಗಳದ್ದು?
5. ಕೆಲಸ ಆಗದಿದ್ದರೆ ನಾವು ಯಾವ ಕಚೇರಿಯಲ್ಲಿ, ಯಾರನ್ನು ಕಾಣಬೇಕು?

ಇವುಗಳಲ್ಲಿ ಮೂರನೆಯ ಪ್ರಶ್ನೆಯನ್ನು ಮರೆಯಲೇಬೇಡಿ. ಮೈಕ್ರೋ ಫೈನಾನ್ಸ್ ಕಾಯ್ದೆಯಲ್ಲಿ ನಮಗೆ ಲಾಭವೋ ನಷ್ಟವೋ ಎಂಬುದು ನಿಂತಿರುವುದು ಅದೊಂದರ ಮೇಲೆಯೇ.

ಒಬ್ಬರೇ ಎದ್ದು ಕೇಳಲು ಸಂಕೋಚವಾದರೆ ಸಂಘದ ಸದಸ್ಯೆಯರೆಲ್ಲ ಸೇರಿ ಒಂದು ಹಾಳೆಯಲ್ಲಿ ಬರೆದು, ಸಹಿ ಹಾಕಿ, ಕಾರ್ಯದರ್ಶಿಯ ಮೂಲಕ ಕೊಡಿ. ಅಧಿವೇಶನಕ್ಕೆ ಮೊದಲೇ ಕೊಟ್ಟರೆ ಇನ್ನೂ ಒಳ್ಳೆಯದು. ಶಾಸಕರು ಮನಸ್ಸು ಮಾಡಿದರೆ ಅದೇ ಹಾಳೆ ಚುಕ್ಕೆ ಗುರುತಿನ ಪ್ರಶ್ನೆಯಾಗಿ ಸದನ ತಲುಪುತ್ತದೆ, ಸಚಿವರ ಉತ್ತರ ಕಡತದಲ್ಲಿ ಉಳಿಯುತ್ತದೆ.

ಒಳ್ಳೆಯ ಕೆಲಸ ಮಾಡಿದ ಶಾಸಕರಿಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ. ತಾವು ಮಾಡಿದ ಕಾನೂನು ಹಟ್ಟಿಯವರೆಗೆ ತಲುಪಿದೆಯೇ ಎಂದು ಅವರಿಗೂ ತಿಳಿಯಬೇಕಲ್ಲವೇ? ಸಂಘದಲ್ಲಿ ಹಾಲು ಅಳೆದ ಮೇಲೆ ಚೀಟಿ ಪಡೆದೇ ಮನೆಗೆ ಹೋಗುವವರು ನಾವು. ಭಾಷಣ ಕೇಳಿದ ಮೇಲೂ ಅಷ್ಟೇ: ದಿನಾಂಕ, ಆದೇಶದ ಸಂಖ್ಯೆ, ಕಚೇರಿಯ ಹೆಸರು ಈ ಮೂರನ್ನೂ ಪಾಸ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಳ್ಳಿ.